ವಕಾಲತ್ತು ಯಾರದು?

ವಕೀಲ ಎಂಬ ಶಬ್ದವನ್ನು ನಾವು ಈಗ ಕಚೇರಿಯ ಆವರಣದಿಂದ ಆಚೆಗೆ ಬಿಡುವುದಿಲ್ಲ. ಕರಿಯ ಕೋಟು, ಕಕ್ಷಿಗಾರ, ವಾಯಿದೆ, ತೀರ್ಪು ಇವುಗಳ ನಡುವೆಯೇ ಅದರ ಸಂಸಾರ. ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿ ಹಾಗಿರಲಿಲ್ಲ. ಒಬ್ಬ ದೊರೆಯ ಮಾತನ್ನು ಇನ್ನೊಬ್ಬ ದೊರೆಯ ಆಸ್ಥಾನಕ್ಕೆ ಕೊಂಡೊಯ್ದು ಅಲ್ಲಿ ಅವನ ಪರವಾಗಿ ನಿಂತು ಮಾತನಾಡುವವನೇ ಆಗ ವಕೀಲ. 1783-84ರಲ್ಲಿ ಟಿಪ್ಪುವಿನ ಕಡೆಯಿಂದ ಮದರಾಸಿಗೆ ಸಂಧಿಯ ಮಾತಿಗೆ ಹೋದ ಅಪ್ಪಾಜಿರಾಮನನ್ನೂ ಶ್ರೀನಿವಾಸರಾಯನನ್ನೂ ಅಂದಿನ ಬರಹಗಳು ವಕೀಲರೆಂದೇ ಕರೆಯುತ್ತವೆ. ತನ್ನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿಕೊಡುವುದು ವಕಾಲತ್ತು, ವಹಿಸಿಕೊಂಡವನು ವಕೀಲ. ರಾಯಭಾರಿಯೂ ನ್ಯಾಯವಾದಿಯೂ ಒಂದೇ ಶಬ್ದದೊಳಗೆ ಬಹುಕಾಲ ಒಟ್ಟಿಗೆ ಬಾಳಿದರು. ಆಮೇಲೆ ಪಾಲಾಗಿ ಬೇರೆ ಬೇರೆ ಮನೆ ಮಾಡಿದರು.

ಕೋಲಾರ ಸೀಮೆಗೆ ಈ ಹಳೆಯ ಅರ್ಥದ ವಕೀಲಿಕೆ ಅಪರಿಚಿತವಲ್ಲ. ಹೈದರನು ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದ ಪೇಟೆಯಲ್ಲಿ. 1768ರಲ್ಲಿ ಇಂಗ್ಲಿಷರ ಸೈನ್ಯ ಮುಳಬಾಗಿಲನ್ನೂ ಕೋಲಾರವನ್ನೂ ಹಿಡಿದಾಗ, ಆರ್ಕಾಟಿನ ನವಾಬ ಮಹಮ್ಮದಾಲಿಯೂ ಮದರಾಸಿನ ಸರ್ಕಾರದ ಪ್ರತಿನಿಧಿಗಳೂ ಕೋಲಾರದಲ್ಲೇ ಬೀಡುಬಿಟ್ಟಿದ್ದರು. ಬಾರಾಮಹಲನ್ನೂ ಹತ್ತು ಲಕ್ಷ ರೂಪಾಯಿಯನ್ನೂ ಕೊಡುತ್ತೇನೆ, ಹಿಂದಿರುಗಿ ಹೋಗಿ ಎಂದು ಹೈದರನು ಹೇಳಿಕಳುಹಿಸಿದ. ಅದು ಸಾಲದೆಂದರು. ಅದೇ ಅಕ್ಟೋಬರಿನಲ್ಲಿ ಮುಳಬಾಗಿಲ ಬಂಡೆಗಳ ನಡುವೆ ಘೋರವಾದ ಕಾಳಗವಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 1769ರ ಏಪ್ರಿಲಿನಲ್ಲಿ, ಹೈದರನು ಮದರಾಸಿನ ಬಾಗಿಲಿಗೇ ಹೋಗಿ ನಿಂತು ತನಗೆ ಬೇಕಾದ ಷರತ್ತಿನ ಮೇಲೆ ಸಂಧಿ ಬರೆಸಿಕೊಂಡ. ಕೋಲಾರದಲ್ಲಿ ಕಡಮೆ ಬೆಲೆಗೆ ಮುಗಿಯಬಹುದಾಗಿದ್ದ ವ್ಯಾಜ್ಯ ಮದರಾಸಿನಲ್ಲಿ ಹೆಚ್ಚಿನ ಬೆಲೆಗೆ ಮುಗಿಯಿತು. ಇಂಥ ಅನುಭವ ನಮ್ಮ ಊರುಗಳ ಕಕ್ಷಿಗಾರರಿಗೂ ಉಂಟು.

ಆರ್ಕಾಟ್ ಎಂಬ ಹೆಸರು ಈ ಸೀಮೆಯಲ್ಲಿ ಮತ್ತೊಮ್ಮೆ ಗಟ್ಟಿಯಾಗಿ ಕೇಳಿಬಂದದ್ದು 1947ರಲ್ಲಿ. ಈ ಸಲ ಅದು ನವಾಬನ ಹೆಸರಲ್ಲ. ಮೈಸೂರಿನ ದಿವಾನರ ಹೆಸರು. ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರು ನ್ಯಾಯವಾದಿಯಾಗಿ ಆರಂಭಿಸಿ ರಾಯಭಾರದ ಅತ್ಯುನ್ನತ ಪೀಠಗಳನ್ನು ಏರಿದವರು. ಬೇರೆಯಾಗಿದ್ದ ಆ ಎರಡು ಅರ್ಥಗಳನ್ನು ತಮ್ಮ ಬಾಳಿನಲ್ಲಿ ಮತ್ತೆ ಒಂದುಗೂಡಿಸಿದವರು. ಅವರ ಚರಿತ್ರೆಯನ್ನು ಕೋಲಾರದ ಕಡೆಯಿಂದ ನೋಡಿದವರು ಕಡಮೆ. ಮದರಾಸಿನಿಂದ ನೋಡಿದರೆ ಅವರು ಜಸ್ಟಿಸ್ ಪಕ್ಷದ ಮುತ್ಸದ್ದಿ. ನ್ಯೂಯಾರ್ಕಿನಿಂದ ನೋಡಿದರೆ ವಿಶ್ವಸಂಸ್ಥೆಯ ಸ್ಥಾಪಕರಲ್ಲೊಬ್ಬರು. ಕೋಲಾರದಿಂದ ಕಾಣುವ ಮುಖ ಬೇರೆ.

ಅವರು ಹುಟ್ಟಿದ್ದು 1887ರ ಅಕ್ಟೋಬರ್ 14ರಂದು, ಕರ್ನೂಲಿನಲ್ಲಿ. ಅವಳಿ ಮಕ್ಕಳಲ್ಲಿ ಒಬ್ಬರು. ಇನ್ನೊಬ್ಬರು ಡಾಕ್ಟರ್ ಲಕ್ಷ್ಮಣಸ್ವಾಮಿ ಮುದಲಿಯಾರರು. ಮದರಾಸು ವಿಶ್ವವಿದ್ಯಾನಿಲಯಕ್ಕೆ 27 ವರ್ಷ ಉಪಕುಲಪತಿಗಳಾಗಿದ್ದವರು. ಮಕ್ಕಳಿಗೆ ರಾಮಲಕ್ಷ್ಮಣರ ಹೆಸರಿಟ್ಟ ಹಿರಿಯರ ಆಸೆ ಹುಸಿಯಾಗಲಿಲ್ಲ. ಇಬ್ಬರೂ ಓದಿದ್ದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಒಬ್ಬರು ವೈದ್ಯಕ್ಕೆ ಹೋದರು. ರಾಮಸ್ವಾಮಿಯವರು ಕಾನೂನು ಓದಿ ಮದರಾಸಿನಲ್ಲಿ ವಕೀಲಿಗೆ ನಿಂತರು. ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ. ಬ್ರಾಹ್ಮಣೇತರ ಚಳವಳಿಯ ವಾದವನ್ನು ಸರ್ಕಾರದ ಮುಂದೆ ಸಮರ್ಥವಾಗಿ ಮಂಡಿಸಬಲ್ಲವರು ಜಸ್ಟಿಸ್ ಪಕ್ಷಕ್ಕೆ ಬೇಕಾಗಿದ್ದರು.

1919ರಲ್ಲಿ ಅವರು ಡಾಕ್ಟರ್ ಟಿ. ಎಂ. ನಾಯರ್ ಮತ್ತು ಕೂರ್ಮಾ ವೆಂಕಟರೆಡ್ಡಿ ನಾಯ್ಡು ಅವರೊಡನೆ ಜಸ್ಟಿಸ್ ಪಕ್ಷದ ನಿಯೋಗದಲ್ಲಿ ಲಂಡನ್ನಿಗೆ ಹೋದರು. ಮಾಂಟೆಗು ಸುಧಾರಣೆಗಳ ಮಸೂದೆಯನ್ನು ಪರಿಶೀಲಿಸುತ್ತಿದ್ದ ಪಾರ್ಲಿಮೆಂಟಿನ ಸಮಿತಿಯ ಮುಂದೆ ತಮ್ಮ ಜನರ ಅಹವಾಲನ್ನು ಹೇಳುವುದು ಉದ್ದೇಶ. ನಾಯರರು ಅಲ್ಲೇ ತೀರಿಕೊಂಡರು. ಉಳಿದ ಇಬ್ಬರು ವಕೀಲರೂ ಮುಂದೆ ರಾಯಭಾರದ ದಾರಿ ಹಿಡಿದರೆಂಬುದು ಗಮನಿಸತಕ್ಕ ಸಂಗತಿ. ವೆಂಕಟರೆಡ್ಡಿ ನಾಯ್ಡು ಅವರು 1929ರಲ್ಲಿ ದಕ್ಷಿಣ ಆಫ್ರಿಕಕ್ಕೆ ಭಾರತ ಸರ್ಕಾರದ ಏಜೆಂಟರಾಗಿ ಹೋದರು.

ಈ ಏಜೆಂಟ್ ಹುದ್ದೆಯ ಬಗ್ಗೆ ಎರಡು ಮಾತು ಹೇಳಬೇಕು. ಪರಾಧೀನವಾದ ದೇಶಕ್ಕೆ ಸ್ವಂತ ರಾಯಭಾರಿಗಳಿರಲು ಸಾಧ್ಯವಿರಲಿಲ್ಲ. 1927ರ ಕೇಪ್‌ಟೌನ್ ಒಪ್ಪಂದದ ಫಲವಾಗಿ ಸೃಷ್ಟಿಯಾದ ಈ ಹುದ್ದೆಗೆ ಮೊದಲು ಹೋದವರು ಶ್ರೀನಿವಾಸ ಶಾಸ್ತ್ರಿಗಳು. ಹೆಸರು ಏಜೆಂಟ್; ಕೆಲಸ ಬಹುಮಟ್ಟಿಗೆ ಕಾನ್ಸಲನದು. ರಾಯಭಾರಿಯು ರಾಜ್ಯದ ಪರವಾಗಿ ರಾಜ್ಯದೊಡನೆ ಮಾತನಾಡುತ್ತಾನೆ. ಕಾನ್ಸಲನು ಪರದೇಶದಲ್ಲಿರುವ ತನ್ನ ದೇಶದ ಅಂಗಡಿಕಾರ, ಕೂಲಿಗಾರ, ವಿಧವೆ ಇವರ ಪರವಾಗಿ ಅಲ್ಲಿನ ಅಧಿಕಾರಿಗಳೊಡನೆ ಮಾತನಾಡುತ್ತಾನೆ: ಪರವಾನಗಿ ಸಿಕ್ಕಲಿಲ್ಲ, ಮದುವೆಯನ್ನು ಕಾನೂನು ಒಪ್ಪಲಿಲ್ಲ, ಸತ್ತವನ ಆಸ್ತಿ ಊರಿಗೆ ಬರಲಿಲ್ಲ ಎಂಬಂಥ ದೂರುಗಳು. ತಾಲ್ಲೂಕು ಕೋರ್ಟಿನ ವಕೀಲನ ದಿನಚರಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ದೇಶದ ದೊಡ್ಡ ರಾಯಭಾರಗಳಿಗಿಂತ ಮೊದಲು ಬೆಳೆದದ್ದು ಈ ಸಣ್ಣ ವಕಾಲತ್ತು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮುದಲಿಯಾರರ ಪಾಲಿಗೆ ಬಂದದ್ದು ದೊಡ್ಡ ವಕಾಲತ್ತು. ಮದರಾಸಿನ ಶಾಸನಸಭೆ, ‘ಜಸ್ಟಿಸ್’ ಪತ್ರಿಕೆಯ ಸಂಪಾದಕತ್ವ, ನಗರದ ಮೇಯರ್ ಪದವಿ, ದುಂಡುಮೇಜಿನ ಪರಿಷತ್ತು, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿದರು. 1934ರಲ್ಲಿ ಮಾತ್ರ ಮದರಾಸು ನಗರದ ಮತದಾರರು ಕೇಂದ್ರ ಶಾಸನಸಭೆಗೆ ಅವರನ್ನು ಬಿಟ್ಟು ಕಾಂಗ್ರೆಸ್ಸಿನ ಸತ್ಯಮೂರ್ತಿಯವರನ್ನು ಆರಿಸಿದರು. ಅನಂತರದ ಅವರ ಪದವಿಗಳೆಲ್ಲ ನೇಮಕದಿಂದ ಬಂದವು: ಲಂಡನ್ನಿನಲ್ಲಿ ಭಾರತ ಮಂತ್ರಿಯ ಸಲಹಾ ಮಂಡಲಿ, 1939ರಿಂದ ವೈಸರಾಯರ ಕಾರ್ಯಕಾರಿ ಮಂಡಲಿ, 1942ರಲ್ಲಿ ಬ್ರಿಟನ್ನಿನ ಯುದ್ಧ ಸಂಪುಟದಲ್ಲಿ ಭಾರತದ ಪ್ರತಿನಿಧಿತ್ವ. ಅದೇ ಆಗಸ್ಟಿನಲ್ಲಿ ಗಾಂಧೀಜಿಯವರು ಸೆರೆಮನೆಗೆ ಹೋದರು. ಭಾರತದ ಪ್ರತಿನಿಧಿ ಯಾರು ಎಂದು ಆ ವರ್ಷ ಕೇಳಿದ್ದರೆ ಲಂಡನ್ ಒಂದು ಹೆಸರು ಹೇಳುತ್ತಿತ್ತು. ಮಾಲೂರಿನ ಸಂತೆಯಲ್ಲಿ ನಿಂತವನು ಬೇರೊಂದನ್ನು ಹೇಳುತ್ತಿದ್ದ.

ಈ ಪ್ರಶ್ನೆ ಲೋಕದ ಎದುರಿಗೆ ಬಂದದ್ದು 1945ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ವಿಶ್ವಸಂಸ್ಥೆಯ ಸನ್ನದನ್ನು ರಚಿಸಲು ಸೇರಿದ ಆ ಸಮ್ಮೇಳನಕ್ಕೆ ಭಾರತದ ನಿಯೋಗದ ನಾಯಕರಾಗಿ ಹೋದವರು ಮುದಲಿಯಾರರು. ಆರ್ಥಿಕ ಮತ್ತು ಸಾಮಾಜಿಕ ಸಹಕಾರವನ್ನು ಕುರಿತ ಸಮಿತಿಗೆ ಅವರೇ ಅಧ್ಯಕ್ಷರು. ಬಡತನ, ರೋಗ, ನಿರುದ್ಯೋಗ ಇವು ಯುದ್ಧದ ಬೇರುಗಳೆಂದೂ ಮಾನವನ ಹಕ್ಕುಗಳನ್ನು ಕಾಯುವುದು ರಾಷ್ಟ್ರಗಳ ಸಮಾನ ಕರ್ತವ್ಯವೆಂದೂ ಒಪ್ಪುವ ಅಧ್ಯಾಯಗಳು ಆ ಸಮಿತಿಯ ಮೂಸೆಯಲ್ಲಿ ಹೊರಬಂದವು. ಐವತ್ತು ರಾಷ್ಟ್ರಗಳವರನ್ನು ಕೂರಿಸಿಕೊಂಡು ವಾಕ್ಯ ವಾಕ್ಯವನ್ನು ಒಪ್ಪಿಸುವುದು ಸಾಮಾನ್ಯವಾದ ಚಾತುರ್ಯವಲ್ಲ. ಅದೇ ಊರಿನಲ್ಲಿ, ಸಮ್ಮೇಳನದ ಸಭಾಂಗಣದ ಹೊರಗೆ, ವಿಜಯಲಕ್ಷ್ಮಿ ಪಂಡಿತರು ಭಾಷಣಗಳನ್ನು ಮಾಡುತ್ತಿದ್ದರು. ಒಳಗೆ ಕೂತಿರುವ ನಿಯೋಗ ಬ್ರಿಟಿಷರು ನೇಮಿಸಿದ್ದು, ಅದು ಭಾರತದ ಜನತೆಯ ಪ್ರತಿನಿಧಿಯಲ್ಲ ಎಂಬುದೇ ಅವರ ಮಾತಿನ ಸಾರ. ಮುದಲಿಯಾರರ ವಾದದಲ್ಲಿ ಕೊರತೆಯಿದೆಯೆಂದು ಯಾರೂ ಹೇಳಲಿಲ್ಲ. ವಕಾಲತ್‌ನಾಮೆಗೆ ರುಜು ಹಾಕಿದವರು ಯಾರು ಎಂದಷ್ಟೇ ಕೇಳಿದರು. 1945ರ ಜೂನ್ 26ರಂದು ಭಾರತದ ಪರವಾಗಿ ಸನ್ನದಿಗೆ ಅವರೂ ವಿ. ಟಿ. ಕೃಷ್ಣಮಾಚಾರ್ಯರೂ ರುಜು ಹಾಕಿದರು. ಸ್ವತಂತ್ರ ಭಾರತ ಆ ರುಜುವನ್ನು ತನ್ನದೆಂದೇ ಇಟ್ಟುಕೊಂಡಿತು.

1946ರ ಜನವರಿಯಲ್ಲಿ, ಲಂಡನ್ನಿನಲ್ಲಿ, ಆರ್ಥಿಕ ಮತ್ತು ಸಾಮಾಜಿಕ ಮಂಡಲಿ ಮೊದಲ ಸಲ ಸೇರಿದಾಗ ಮುದಲಿಯಾರರನ್ನು ಅದರ ಪ್ರಥಮ ಅಧ್ಯಕ್ಷರನ್ನಾಗಿ ಆರಿಸಲಾಯಿತು. ಆ ಮಂಡಲಿ ಕರೆದ ಆರೋಗ್ಯ ಸಮ್ಮೇಳನದಲ್ಲಿ, ಅದೇ ಜುಲೈ 22ರಂದು, ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಸಿದ್ಧವಾಯಿತು. ತಮ್ಮ ಲಕ್ಷ್ಮಣಸ್ವಾಮಿಯವರು 1961ರಲ್ಲಿ ದಿಲ್ಲಿಯಲ್ಲಿ ನಡೆದ ಆ ಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದರು. ಅಣ್ಣ ಕಟ್ಟಿದ ಮನೆಗೆ ತಮ್ಮ ಯಜಮಾನನಾದಂತೆ.

ಲೋಕದ ಬಡತನವನ್ನೂ ಹಕ್ಕನ್ನೂ ಕುರಿತು ಚಿಂತಿಸುವ ಪೀಠದಲ್ಲಿ ಕುಳಿತ ಇವರೇ 1946ರ ಆಗಸ್ಟಿನಲ್ಲಿ ಮೈಸೂರಿಗೆ ದಿವಾನರಾಗಿ ಬಂದರು. ಮೈಸೂರಿನ ದಿವಾನಗಿರಿ ಎಂಬುದು ಎಷ್ಟು ದೊಡ್ಡ ಅಧಿಕಾರವಾಗಿತ್ತೆಂಬುದಕ್ಕೆ ನಮ್ಮ ಶ್ರೀನಿವಾಸಪುರದ ಹೆಸರೇ ಸಾಕ್ಷಿ. ಹಿಂದೆ ಅದು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಅದಕ್ಕೆ ಈ ಹೆಸರಿಟ್ಟರೆಂದು ಹೇಳುತ್ತಾರೆ. ಊರಿನವರನ್ನು ಕೇಳಿ ಇಟ್ಟಿರಲಾರರು. ಪ್ರಜಾಪ್ರತಿನಿಧಿ ಸಭೆ 1881ರಿಂದಲೂ ಇತ್ತು, ನಿಜ. ಅದು ಕೇಳಬಹುದಾಗಿತ್ತು, ಕೊಡುವುದು ಬಿಡುವುದು ದಿವಾನರಿಗೆ ಸೇರಿದ್ದು. ಬೇರೆ ಸಂಸ್ಥಾನಗಳಿಗೆ ಹೋಲಿಸಿದರೆ ಮೈಸೂರಿನ ಆಡಳಿತ ಅಚ್ಚುಕಟ್ಟಾಗಿತ್ತು, ಶಾಲೆ ಆಸ್ಪತ್ರೆಗಳಿದ್ದವು, ವಿದ್ಯುತ್ತು ಇತ್ತು. ಇಷ್ಟಿದ್ದೂ ಇವರು ಗದ್ದಲ ಮಾಡುವುದೇಕೆ ಎಂದು ಹೊರಗಿನವರಿಗೆ ಸೋಜಿಗವಾಗುತ್ತಿತ್ತು. 1938ರ ಏಪ್ರಿಲಿನಲ್ಲಿ, ಅಂದಿನ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜವನ್ನೆತ್ತಲು ಸೇರಿದ ಜನರ ಮೇಲೆ ಗುಂಡು ಹಾರಿತ್ತು. ಹೊಸ ದಿವಾನರು ಬಂದ ಮೂರನೆಯ ತಿಂಗಳಿಗೆ, 1946ರ ನವೆಂಬರಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಮುಷ್ಕರದ ಕಾಲದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಅಚ್ಚುಕಟ್ಟು ಆಡಳಿತಕ್ಕೂ ಜವಾಬ್ದಾರಿ ಸರ್ಕಾರಕ್ಕೂ ಇರುವ ವ್ಯತ್ಯಾಸವನ್ನು ಕೋಲಾರದವರಿಗೆ ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿರಲಿಲ್ಲ.

ಪುಸ್ತಕವನ್ನು ಬರೆದವರೂ ಇದ್ದರು. ಮುಳಬಾಗಿಲಿನಲ್ಲಿ, ಮುದಲಿಯಾರರು ಹುಟ್ಟಿದ ಅದೇ 1887ನೆಯ ವರ್ಷದಲ್ಲಿ, ಹುಟ್ಟಿದ ಡಿ.ವಿ.ಜಿ.ಯವರು ಸಂಸ್ಥಾನಗಳ ಪ್ರಜೆಗಳ ಸ್ಥಾನಮಾನವನ್ನು ಕುರಿತು ದಶಕಗಳ ಕಾಲ ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆಯುತ್ತ ಬಂದಿದ್ದರು. ಅರಸರು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡರೆ ಸಾಲದು, ಪ್ರಜೆಗಳ ಮಾತೂ ಅದರಲ್ಲಿರಬೇಕು ಎಂಬುದು ಅವರ ನಿಲುವಿನ ತಿರುಳು. ಮಂಕುತಿಮ್ಮನ ಕವಿಯನ್ನು ನಾವು ಚೆನ್ನಾಗಿ ಓದಿದ್ದೇವೆ. ಸಂಸ್ಥಾನಗಳ ಸಂವಿಧಾನವನ್ನು ಚಿಂತಿಸಿದ ಪತ್ರಕರ್ತನನ್ನು ಓದಿದ್ದೇವೆಂದು ಹೇಳಲಾರೆ.

ದಿವಾನರಿಗೆ ಎದುರಾಗಿ ನಿಂತವರು ಅದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು. 1902ರಲ್ಲಿ ಹುಟ್ಟಿದವರು, ಕಾನೂನು ಓದಿದವರು, 1930ರಲ್ಲಿ ಸ್ಥಾಪಿತವಾದ ಪ್ರಜಾಪಕ್ಷದ ಮೂಲಕ ರೈತರ ಕಷ್ಟಗಳನ್ನು ಹಿಡಿದುಕೊಂಡು ರಾಜಕೀಯಕ್ಕೆ ಬಂದವರು. ಇಲ್ಲಿ ಒಂದು ಸ್ವಾರಸ್ಯವಿದೆ. ಮೈಸೂರಿನ ಈ ಪಕ್ಷವೂ ಬ್ರಾಹ್ಮಣೇತರರ ರಾಜಕೀಯದ ಪಾತಿಯಲ್ಲಿಯೇ ಮೊಳೆತದ್ದು, ಮದರಾಸಿನ ಜಸ್ಟಿಸ್ ಪಕ್ಷದ ಹಾಗೆ. ಒಂದೇ ಬಗೆಯ ಅಹವಾಲಿನಿಂದ ಇಬ್ಬರೂ ಆರಂಭಿಸಿದರು. ರೆಡ್ಡಿಯವರ ಗುಂಪು 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಬೆರೆಯಿತು. ಮುದಲಿಯಾರರು ಸರ್ಕಾರದ ಕಡೆಯಲ್ಲೇ ಉಳಿದರು. 1947ರ ಜುಲೈಯಲ್ಲಿ ದಿಲ್ಲಿಯ ಸಂವಿಧಾನ ಸಭೆಯನ್ನು ಮೈಸೂರಿನ ಸದಸ್ಯರು ಸೇರಿದಾಗ ಅವರಲ್ಲಿ ಇವರಿಬ್ಬರೂ ಇದ್ದರು. ಸಂಸ್ಥಾನ ಒಂದೇ, ಪ್ರತಿನಿಧಿಗಳು ಇಬ್ಬರು, ವಕಾಲತ್ತು ಮಾತ್ರ ಬೇರೆ ಬೇರೆ.

ಆಗಸ್ಟಿನಲ್ಲಿ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿತು. ಈ ವಿಷಯದಲ್ಲಿ ಮುದಲಿಯಾರರಿಗೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಬೇಕು. ತಿರುವಾಂಕೂರು ಸ್ವತಂತ್ರವಾಗುತ್ತೇನೆಂದಿತ್ತು, ಹೈದರಾಬಾದು ಸೇರಲೇ ಇಲ್ಲ, ಮೈಸೂರು ಅಂಥ ದುಸ್ಸಾಹಸಕ್ಕೆ ಕೈಹಾಕಲಿಲ್ಲ. ಆದರೆ ಸೇರಿದ್ದು ಸಂಸ್ಥಾನ. ಸಂಸ್ಥಾನದೊಳಗೆ ಜನರ ಕೈಗೆ ಏನೂ ಬರಲಿಲ್ಲ. ನಮ್ಮ ತಾಲ್ಲೂಕುಗಳ ಭೂಗೋಳವನ್ನು ನೆನೆದರೆ ಇದರ ಉರಿ ತಿಳಿಯುತ್ತದೆ. ಮುಳಬಾಗಿಲಿನಿಂದ ನಂಗಲಿಯ ಆಚೆಗೆ ಹೋದರೆ ಪಲಮನೇರು, ಶ್ರೀನಿವಾಸಪುರದಿಂದ ಆಚೆಗೆ ಮದನಪಲ್ಲಿ, ಮಾಲೂರಿನಿಂದ ಆಚೆಗೆ ಹೊಸೂರು. ಎಲ್ಲವೂ ಮದರಾಸು ಪ್ರಾಂತ್ಯ. ಅಲ್ಲಿ ಜನ ಆರಿಸಿದ ಮಂತ್ರಿಮಂಡಲ. ಸಂತೆಗೆಂದು ಹೊರಟವನು ಅರ್ಧ ದಿನದಲ್ಲಿ ಪ್ರಜೆಗಳ ಸರ್ಕಾರವನ್ನು ನೋಡಿಕೊಂಡು, ಸಂಜೆಗೆ ದಿವಾನರ ಸರ್ಕಾರಕ್ಕೆ ಹಿಂದಿರುಗಬೇಕಾಗಿತ್ತು.

ಸೆಪ್ಟೆಂಬರ್ 1ರಿಂದ ಸತ್ಯಾಗ್ರಹ ಆರಂಭವಾಯಿತು. ಅದೇ ‘ಮೈಸೂರು ಚಲೋ’. ರೆಡ್ಡಿಯವರೂ ಅವರ ಸಂಗಡಿಗರೂ ಸೆರೆಮನೆ ಸೇರಿದರು, ವಿದ್ಯಾರ್ಥಿಗಳು ಬೀದಿಗಿಳಿದರು. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು ಊರೂರಿನಲ್ಲಿ ಎದ್ದಿತು. ಪ್ರಾಸಕ್ಕೆ ಸಿಕ್ಕುವ ಹೆಸರುಳ್ಳವರು ಚಳವಳಿಯ ಕಾಲದಲ್ಲಿ ದಿವಾನರಾಗಬಾರದು! ನಾನು ಕೋಲಾರದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ, ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದ ಹಿರಿಯರೊಬ್ಬರು, ಹೈಸ್ಕೂಲು ಹುಡುಗನಾಗಿ ತಾವೂ ಆ ಕೂಗನ್ನು ಕೂಗಿದ್ದನ್ನು ಹೇಳುತ್ತಿದ್ದರು. ಆರ್ಕಾಟ್ ಎಂದರೆ ಯಾರೆಂದು ಆಗ ಗೊತ್ತಿತ್ತೆ ಎಂದು ಕೇಳಿದೆ. “ದಿವಾನರಂತೆ, ದೊಡ್ಡ ಲಾಯರಂತೆ, ಅಷ್ಟೇ ಸ್ವಾಮಿ ಗೊತ್ತಿದ್ದದ್ದು,” ಎಂದರು. ಅಮೆರಿಕದಲ್ಲಿ ಆ ಲಾಯರರು ಲೋಕದ ಸನ್ನದಿಗೆ ರುಜು ಹಾಕಿದ್ದರೆಂದು ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಹಾಕಿದವರು ಇಲ್ಲಿ ಯಾಕೆ ಹಾಕಲಿಲ್ಲ?” ಎಂದರು. ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಇಲ್ಲಿಯೂ ಹಾಕಿದರು, ಆರು ವಾರ ತಡವಾಗಿ. ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ತಿಂಗಳ ಕೊನೆಯಲ್ಲಿ ಸೆರೆಮನೆಯಿಂದ ಬಂದ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದರು. ದಿವಾನರು ಮಹಾರಾಜರಿಗೂ ಮಂತ್ರಿಮಂಡಲಕ್ಕೂ ನಡುವಣ ಸೇತುವೆಯಾಗಿ ಉಳಿದರು. ಎದುರಾಳಿಗಳಾಗಿದ್ದ ಈ ಇಬ್ಬರೂ ಒಂದೇ ಸರ್ಕಾರದಲ್ಲಿ ಕಾಲ ಹಾಕಿದರು. ಕೋರ್ಟಿನಲ್ಲಿ ಕಾದಾಡಿದ ವಕೀಲರು ಬಾರ್ ರೂಮಿನಲ್ಲಿ ಜೊತೆಗೆ ಕಾಫಿ ಕುಡಿಯುವುದನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸದು.

ಮುಂದಿನ ಸೆಪ್ಟೆಂಬರಿನಲ್ಲಿ ಮುದಲಿಯಾರರ ಜೀವನದ ಅತ್ಯಂತ ಕುತೂಹಲಕರವಾದ ಮೊಕದ್ದಮೆ ಬಂದಿತು. 1948ರ ಆಗಸ್ಟ್ 21ರಂದು ಹೈದರಾಬಾದಿನ ನಿಜಾಮರ ಸರ್ಕಾರ ಭಾರತದ ಮೇಲೆ ಭದ್ರತಾ ಮಂಡಲಿಗೆ ದೂರು ಕಳುಹಿಸಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿತು. 16ರಂದು ಪ್ಯಾರಿಸ್ಸಿನಲ್ಲಿ ಮಂಡಲಿ ಸೇರಿದಾಗ ಭಾರತದ ಪರವಾಗಿ ವಾದಿಸಲು ನೆಹರೂ ಸರ್ಕಾರ ಕಳುಹಿಸಿದ್ದು ಮೈಸೂರು ಸಂಸ್ಥಾನದ ದಿವಾನರನ್ನು. ನೆರೆಯ ಸಂಸ್ಥಾನದ ಅರಸನ ವಿರುದ್ಧ ವಾದಿಸಲು ಇನ್ನೊಂದು ಸಂಸ್ಥಾನದ ದಿವಾನ! ಆರಿಸಿದವರ ಚಾಣಾಕ್ಷತೆಯನ್ನು ಮೆಚ್ಚಬೇಕು.

ವಾದ ಅತಿ ಸರಳ. ಸನ್ನದಿನ 35ನೆಯ ವಿಧಿಯ ಪ್ರಕಾರ ವಿಶ್ವಸಂಸ್ಥೆಯ ಸದಸ್ಯನಲ್ಲದ ರಾಜ್ಯವೂ ಮಂಡಲಿಯ ಬಾಗಿಲು ತಟ್ಟಬಹುದು. ಆದರೆ ಅದು ‘ರಾಜ್ಯ’ವಾಗಿರಬೇಕು. ಹೈದರಾಬಾದು ಎಂದೂ ಸ್ವತಂತ್ರ ರಾಜ್ಯವಾಗಿರಲಿಲ್ಲ, ಆದ್ದರಿಂದ ದೂರು ಕೊಡುವ ಅಧಿಕಾರವೇ ಅದಕ್ಕಿಲ್ಲ ಎಂದು ಅವರು ವಾದಿಸಿದರು. ಮೂರು ವರ್ಷದ ಹಿಂದೆ ಆ ಸನ್ನದಿಗೆ ರುಜು ಹಾಕಿದವರೇ ಅದರ ಒಂದು ಶಬ್ದಕ್ಕೆ ಅರ್ಥ ಹೇಳುತ್ತಿದ್ದರು. 17ರಂದು ಹೈದರಾಬಾದಿನ ಸೈನ್ಯ ಶರಣಾಯಿತು. 22ರಂದು ನಿಜಾಮರು ದೂರನ್ನು ಹಿಂದೆಗೆದುಕೊಂಡಿದ್ದೇವೆಂದೂ ಪ್ಯಾರಿಸ್ಸಿನಲ್ಲಿರುವ ನಿಯೋಗಕ್ಕೆ ಇನ್ನು ತಮ್ಮ ಪರವಾಗಿ ಮಾತನಾಡುವ ಅಧಿಕಾರವಿಲ್ಲವೆಂದೂ ತಿಳಿಸಿದರು. ಹೈದರಾಬಾದಿನ ಪರವಾಗಿ ಹೋಗಿದ್ದ ಮೊಯಿನ್ ನವಾಜ್ ಜಂಗರ ವಕಾಲತ್ತು ಹೀಗೆ ವಾದದ ನಡುವೆಯೇ ಬಿದ್ದುಹೋಯಿತು. ಅವರನ್ನು ಕೂರಿಸಬೇಕೆ ಬೇಡವೆ ಎಂದು ಮಂಡಲಿಯೇ ಚರ್ಚಿಸಿತು. ನಿಜಾಮರು ಈ ಮಾತನ್ನು ಮನಃಪೂರ್ವಕವಾಗಿ ಹೇಳಿದರೆ, ಬಂದೂಕಿನ ನೆರಳಿನಲ್ಲಿ ಹೇಳಿದರೆ ಎಂಬ ಸಂಶಯವೂ ಅಲ್ಲಿ ಕೇಳಿಬಂದಿತು. ಅದು ಅಲ್ಲಗಳೆಯತಕ್ಕ ಸಂಶಯವಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತಮ್ಮನ್ನು ಕುತ್ತಿದ ಪ್ರಶ್ನೆಯನ್ನೇ ಮುದಲಿಯಾರರು ಪ್ಯಾರಿಸ್ಸಿನಲ್ಲಿ ಎದುರಾಳಿಗೆ ಒಡ್ಡಿದರು: ನೀನು ಯಾರ ಪರವಾಗಿ ಬಂದೆ? ಇದನ್ನು ಕಪಟವೆಂದು ಕೆಲವರು ಹೇಳಬಹುದು. ನಾನು ಹಾಗೆ ಹೇಳಲಾರೆ. ಅವರು ಹಿಡಿದ ಪ್ರತಿಯೊಂದು ಮೊಕದ್ದಮೆಯನ್ನೂ ಶ್ರದ್ಧೆಯಿಂದ ನಡೆಸಿದರು. ಜಸ್ಟಿಸ್ ಪಕ್ಷದ್ದು, ಬ್ರಿಟಿಷ್ ಭಾರತದ್ದು, ಮೈಸೂರಿನ ಅರಮನೆಯದು, ಕೊನೆಗೆ ನೆಹರೂ ಭಾರತದ್ದು. ಕಕ್ಷಿಗಾರನಿಗೆ ಎಂದ��� ಎರಡು ಬಗೆಯಲಿಲ್ಲ. ಅವರ ಮೇಲೆ ನನಗಿರುವ ಆಕ್ಷೇಪ ಬೇರೆ. ಮೈಸೂರಿನಲ್ಲಿ ಅವರ ಎದುರಿಗೆ ಬಂದು ನಿಂತವನು ಎದುರುಪಕ್ಷದ ವಕೀಲನಾಗಿರಲಿಲ್ಲ. ಸ್ವತಃ ಕಕ್ಷಿಗಾರನೇ ಆಗಿದ್ದ. ಗಣಿಯ ಕೂಲಿಗಾರ, ಮುಳಬಾಗಿಲಿನ ರೈತ, ಹೈಸ್ಕೂಲಿನ ಹುಡುಗ ಇವರು ತಮ್ಮ ಮಾತನ್ನು ತಾವೇ ಆಡುತ್ತೇವೆಂದಾಗ ಅವರನ್ನು ಕಾನೂನಿನ ಪ್ರತಿವಾದಿಗಳಂತೆ ನೋಡಿ ವಾಯಿದೆ ಕೇಳಿದರು. ಸನ್ನದಿನ ಮೊದಲ ಸಾಲಿನಲ್ಲಿ ಮಾತನಾಡುವುದು ಸರ್ಕಾರಗಳಲ್ಲ, ಜನರು. ಅದು ಅವರಿಗೆ ತಿಳಿಯದ್ದಲ್ಲ.

1949ರಲ್ಲಿ ಹೈದರಾಬಾದಿನ ವಿಷಯ ಮಂಡಲಿಯ ಮುಂದೆ ಮತ್ತೆ ಬಂದಾಗ ಭಾರತದ ಪರವಾಗಿ ನಿಂತವರು ಇನ್ನೊಬ್ಬ ಕನ್ನಡನಾಡಿನ ಕಾನೂನು ಪಂಡಿತರು, ಮಂಗಳೂರಿನ ಬೆನೆಗಲ್ ನರಸಿಂಗರಾಯರು. ಅವರೂ 1887ರಲ್ಲಿ ಹುಟ್ಟಿದವರೇ. ಆ ವರ್ಷದ ಫಸಲು ಒಳ್ಳೆಯದಿರಬೇಕು. ಅವರದು ಬೇರೆಯೇ ಕಥೆ. ಅದಕ್ಕೆ ಬೇರೊಂದು ಭಾಷಣವೇ ಬೇಕು.

ದಿವಾನಗಿರಿ ಮುಗಿದ ಮೇಲೆ ಮುದಲಿಯಾರರು ತಿರುವಾಂಕೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. 1955ರಲ್ಲಿ ಹುಟ್ಟಿದ ಕೈಗಾರಿಕಾ ಸಾಲದ ಸಂಸ್ಥೆ ಐಸಿಐಸಿಐಗೆ ಮೊದಲ ಅಧ್ಯಕ್ಷರಾದರು. 1970ರಲ್ಲಿ ಪದ್ಮವಿಭೂಷಣ ಬಂದಿತು. ಚೆಂಗಲರಾಯ ರೆಡ್ಡಿಯವರು 1952ರ ವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದು, ಕೇಂದ್ರದಲ್ಲಿ ಮಂತ್ರಿಗಳಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ ನಿವೃತ್ತರಾದರು. ರೆಡ್ಡಿಯವರು ತೀರಿಕೊಂಡದ್ದು 1976ರ ಫೆಬ್ರವರಿ 27ರಂದು, ಮುದಲಿಯಾರರು ಅದೇ ವರ್ಷ ಜುಲೈ 17ರಂದು. ಭದ್ರತಾ ಮಂಡಲಿಯ ಮುಂದಿರುವ ವಿಷಯಗಳ ಪಟ್ಟಿಯಲ್ಲಿ ‘ಹೈದರಾಬಾದ್ ಪ್ರಶ್ನೆ’ ಎಂಬ ಸಾಲು ಆಗಲೂ ಅಳಿಯದೆ ಉಳಿದಿತ್ತು.